ಮಿಲಿಟರಿ ಜೀಪು ಮನೆಯಂಗಳದಲ್ಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಹಳೇ ಮಿಲಿಟರಿ ಗಾಡಿಗಳನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕೋಲಾರ ಜಿಲ್ಲೆಯೊಂದರಿಂದಲೇ ಇಷ್ಟು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ತೋಟದ ಶೆಡ್ಡಿನಲ್ಲಿ, ಹುಣಸೆ ಮರದ ಕೆಳಗೆ, ಕಲ್ಲು ಚಪ್ಪಡಿ ಬೇಲಿಯ ಪಕ್ಕದಲ್ಲಿ ಎಷ್ಟೊಂದು ಜೀಪು, ಜೋಂಗಾ, ಜಿಪ್ಸಿ ನಿಂತಿವೆ! ಸುಮಾರು ಜನ ಕೇಳಿರುವುದು ಬಣ್ಣದ ಬಗ್ಗೆ. ನಾನು ಹೇಳುವುದು ಒಂದೇ: ಬಣ್ಣ ಕೊನೆಗೆ. ಕಾಗದ, ಚಾಸಿ, ಬ್ರೇಕ್, ಎಂಜಿನ್ ಇಷ್ಟೂ ಮುಗಿಯುವ ತನಕ ಬಣ್ಣದ ಡಬ್ಬ ಮನೆಗೆ ತರಬೇಡಿ. ಈ ಸಲದ ಅಂಕಣ ಪೂರ್ತಿ ನಿಮ್ಮ ಈ ಪ್ರಶ್ನೆಗಳಿಗೇ.

ಪ್ರಶ್ನೆ: ನಮ್ಮ ದೊಡ್ಡಪ್ಪನ ತೋಟದಲ್ಲಿ ಒಂದು ಹಳೇ ಜೀಪು ಬಹಳ ವರ್ಷದಿಂದ ನಿಂತಿದೆ. ಎರಡನೇ ಮಹಾಯುದ್ಧದ ವಿಲ್ಲಿಸ್, ಮಿಲಿಟರಿ ಹರಾಜಿನಲ್ಲಿ ಬಂದದ್ದು ಅಂತ ಮನೆಯಲ್ಲಿ ಹೇಳುತ್ತಾರೆ. ಆರ್‌.ಸಿ. ಇದೆ, ಆದರೆ ಅದರಲ್ಲಿ ಬೇರೆ ಯಾರದ್ದೋ ಹೆಸರು. ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ಸ್ಪ್ಯಾನರ್ ಆಮೇಲೆ ಹಿಡಿಯಿರಿ. ಮೊದಲು ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ತಗೊಂಡು ತೋಟಕ್ಕೆ ಹೋಗಿ. ಚಾಸಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ನಂಬರ್ ಹುಡುಕಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆತ್ತಗೆ ಒರೆಸಿ, ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಎಂಜಿನ್ ನಂಬರಿಗೂ ಹಾಗೇ ಮಾಡಿ. ಎರಡೂ ಆರ್‌.ಸಿ.ಯಲ್ಲಿ ಇರುವುದಕ್ಕೆ ಅಕ್ಷರ ಬಿಡದೆ ಹೊಂದಬೇಕು. ಹೊಂದದಿದ್ದರೆ ಅಲ್ಲೇ ನಿಲ್ಲಿಸಿ, ಮುಂದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ, ಮೊದಲು ಆ ಗಂಟು ಬಿಡಿಸಿಕೊಳ್ಳಿ. ಎಷ್ಟೋ ಜನ ತುಕ್ಕು ತೆಗೆಯಲು ಚಾಸಿಗೆ ಮರಳು ಹೊಡೆಸಿ, ಗ್ರೈಂಡರ್ ಹಿಡಿಸಿ, ನಂಬರನ್ನೇ ಅಳಿಸಿಬಿಡುತ್ತಾರೆ. ಆಮೇಲೆ ಆ ಗಾಡಿ ಎಷ್ಟೇ ಚೆನ್ನಾಗಿದ್ದರೂ ಕಾನೂನಿನ ಲೆಕ್ಕದಲ್ಲಿ ಅದು ಬರೀ ಕಬ್ಬಿಣ. ಮರಳು ಹೊಡೆಸುವ ಮುಂಚೆ ನಂಬರಿನ ಜಾಗಕ್ಕೆ ಗ್ರೀಸ್ ಮೆತ್ತಿ, ಮೇಲೆ ದಪ್ಪ ಟೇಪ್ ಸುತ್ತಿಸಿ.

ಇನ್ನು ಅದು ನಿಜವಾಗಲೂ ಯುದ್ಧಕಾಲದ್ದೇ ಅಂತ ನೋಡಿ. ನಮ್ಮ ಕಡೆ ಹಳೇ ಜೀಪು ಅಂದರೆ ಎಲ್ಲವೂ ವಿಲ್ಲಿಸ್. ಆದರೆ ಅದರಲ್ಲಿ ಬಹಳಷ್ಟು ಮಹೀಂದ್ರ ಕಂಪನಿ ಇಲ್ಲೇ ಜೋಡಿಸಿ, ಆಮೇಲೆ ಇಲ್ಲೇ ತಯಾರಿಸಿದ ಸಿಜೆ-3ಬಿ ಜೀಪುಗಳು. ಗುರುತು ಹಿಡಿಯುವುದು ಸುಲಭ. ಮುಂದಿನ ಗ್ರಿಲ್ಲಿನ ಸೀಳು ಎಣಿಸಿ. ಅಚ್ಚೊತ್ತಿದ ಗ್ರಿಲ್ಲಿನ ಯುದ್ಧಕಾಲದ ವಿಲ್ಲಿಸ್ ಎಂಬಿ ಮಾಡೆಲ್ಲಿಗೆ ಒಂಬತ್ತು ಸೀಳು, ಆಮೇಲೆ ಬಂದ ಸಿಜೆಗಳಿಗೆ ಏಳು. ಎಂಬಿಯ ಹೆಡ್‌ಲೈಟು ಗ್ರಿಲ್ಲಿನ ಹಿಂದೆ ಒಳಗೆ ಕೂತಿರುತ್ತದೆ, ಅದಕ್ಕೆ ತಿರುಗಣಿ ಇರುತ್ತದೆ, ರಾತ್ರಿ ಹೊತ್ತು ರಿಪೇರಿ ಮಾಡುವಾಗ ಹಿಂದಕ್ಕೆ ಮಡಚಿದರೆ ಬೆಳಕು ಎಂಜಿನ್ ಮೇಲೆ ಬೀಳುತ್ತದೆ. ಹಿಂದೆ ತೆಗೆಯುವ ಬಾಗಿಲು ಇರುವುದಿಲ್ಲ. ಸಿಜೆ-3ಬಿ ಆದರೆ ಬಾನೆಟ್ ಎತ್ತರ, ದೂರದಿಂದಲೇ ಗೊತ್ತಾಗುತ್ತದೆ. ಹರಿಕೇನ್ ಎಂಜಿನ್ನಿನ ಎತ್ತರಕ್ಕೆ ಜಾಗ ಬೇಕಿತ್ತು, ಅದಕ್ಕೇ ಬಾನೆಟ್ ಮೇಲೇರಿತು.

ಯುದ್ಧದ ಕಾಲದಲ್ಲಿ ಇದೇ ಜೀಪನ್ನು ಫೋರ್ಡ್ ಕೂಡ ಜಿಪಿಡಬ್ಲ್ಯೂ ಅಂತ ತಯಾರಿಸಿತು. ಎರಡೂ ಸೇರಿ 6 ಲಕ್ಷಕ್ಕೂ ಹೆಚ್ಚು. ರೇಡಿಯೇಟರ್ ಕೆಳಗೆ ಬಗ್ಗಿ ಚಾಸಿಯ ಅಡ್ಡಪಟ್ಟಿ ನೋಡಿ: ಗುಂಡಗಿನ ಪೈಪಾದರೆ ವಿಲ್ಲಿಸ್, ಮಗುಚಿದ ಯು ಆಕಾರದ ಪಟ್ಟಿಯಾದರೆ ಫೋರ್ಡ್. ಫೋರ್ಡ್ ಆದರೆ ಬೋಲ್ಟುಗಳ ತಲೆಯ ಮೇಲೂ ಎಫ್ ಅಕ್ಷರ ಸಿಗುತ್ತದೆ. ಎಂಬಿಯ ಚಾಸಿ ನಂಬರ್ ಪ್ಲೇಟು ಮುಂದೆ ಚಾಸಿಯ ಎಡಗಡೆ ಉದ್ದಪಟ್ಟಿಯ ಒಳಮೈಯಲ್ಲಿ, ಎಂಜಿನ್ ನಂಬರು ಬ್ಲಾಕಿನ ಮುಂದೆ ಬಲಗಡೆ ಇರುತ್ತದೆ. ಒಂದೇ ಗಾಡಿಯಲ್ಲಿ ಮೂರು ಗಾಡಿಯ ಸಾಮಾನು ಸಿಗುವುದೂ ಉಂಟು. ಹರಿಯಾಣದ ಡಬ್ವಾಲಿಯಲ್ಲಿ ಹಳೇ ಬಿಡಿಭಾಗ ಸೇರಿಸಿ ಜೀಪು ಕಟ್ಟುವುದೇ ದೊಡ್ಡ ಕಸುಬು. ಅದರಲ್ಲಿ ತಪ್ಪೇನಿಲ್ಲ, ಆದರೆ ನಿಮ್ಮದು ಯಾವುದು ಅಂತ ನಿಮಗೆ ಗೊತ್ತಿರಬೇಕು ಅಲ್ವಾ?

ಹೆಸರು ಬದಲಾಯಿಸಲು ಆರ್‌.ಸಿ.ಯಲ್ಲಿ ಇರುವವರೇ ಫಾರಂ 29 ಮತ್ತು 30ಕ್ಕೆ ಸಹಿ ಹಾಕಬೇಕು. ಅವರು ತೀರಿಕೊಂಡಿದ್ದರೆ ವಾರಸುದಾರರು ಫಾರಂ 31ರಲ್ಲಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಂಡು, ಆಮೇಲೆ ನಿಮಗೆ ಕೊಡಬೇಕು. ಊರಲ್ಲಿ ವಿಚಾರಿಸಿ ಅವರ ಮನೆಯವರನ್ನು ಈಗಲೇ ಹುಡುಕಿ. ಗಾಡಿ ಹಾಳಾಗಿ ನಿಂತಿರುವಾಗ ಸಹಿ ಸುಲಭವಾಗಿ ಸಿಗುತ್ತದೆ, ಮಿರಮಿರ ಮಿಂಚಿದ ಮೇಲೆ ಕಷ್ಟ.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಮಾರ್ಪಾಡಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತದೆ, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಆ ನಂಬರಿನ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ. ತೋಟಕ್ಕೂ ಸಂತೆಗೂ ಓಡಿಸುವ ಆಸೆ ಇದ್ದರೆ ಮಾಮೂಲಿ ಆರ್‌.ಸಿ.ಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗುವುದು ವಾಸಿ.

ಪ್ರಶ್ನೆ: ಸೇನೆಯ ಹರಾಜಿನಲ್ಲಿ ಬಂದ ಜಿಪ್ಸಿ ತಗೊಂಡಿದ್ದೇನೆ. ಅದೇ ಮಿಲಿಟರಿ ಹಸಿರು ಬಣ್ಣ, ಅದೇ ಬಾಣದ ನಂಬರ್ ಉಳಿಸಿಕೊಳ್ಳಬಹುದಾ?
– ಓದುಗರೊಬ್ಬರು, ಕೋಲಾರ ನಗರ

ಉತ್ತರ: ಆಗುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೇ ನಿಯಮ ಇದನ್ನು ನೇರವಾಗಿ ಹೇಳುತ್ತದೆ. ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಮೇಲ್ಮುಖ ಬಾಣ, ಅದರ ಮುಂದೆ ಗಾಡಿ ತಗೊಂಡ ವರ್ಷದ ಎರಡು ಅಂಕಿ ಇರುವ ಆ ನಂಬರೂ ಸೇನೆಯದೇ. ರೆಜಿಮೆಂಟಿನ ಗುರುತುಗಳೂ ಅಷ್ಟೇ, ಅವನ್ನು ಸಂಪಾದಿಸಿದವರು ಬೇರೆಯವರು, ನಾವು ಹಾಕಿಕೊಳ್ಳಬಾರದು. ಮಣ್ಣಿನ ಬಣ್ಣ, ಬೂದು, ಮರಳಿನ ಬಣ್ಣ ಎಲ್ಲವೂ ಆ ಗಾಡಿಗೆ ಚೆನ್ನಾಗಿ ಒಪ್ಪುತ್ತವೆ. ಯಾವುದೇ ಬಣ್ಣ ಆದರೂ ಆರ್‌.ಸಿ.ಯಲ್ಲಿ ನಮೂದಿಸಿ.

ಒಂದು ಮಾತು. ಹಳೇ ಬಣ್ಣ ಕೆರೆಯುವಾಗ ಪದರ ಪದರವಾಗಿ ಕೆಳಗಿನ ಬರಹಗಳು ಹೊರಗೆ ಬರುತ್ತವೆ: ಹಳೇ ನಂಬರು, ಟೈರಿನ ಗಾಳಿಯ ಒತ್ತಡ, ಬಿಳಿ ಅಚ್ಚಿನ ಅಕ್ಷರ. ಅದು ಆ ಗಾಡಿಯ ಚರಿತ್ರೆ. ಪ್ರತಿಯೊಂದರ ಫೋಟೋ ತೆಗೆದುಕೊಂಡು ಆಮೇಲೆ ಮುಂದುವರಿಯಿರಿ. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ, ಆದ್ದರಿಂದ ಒಣಗಿದ್ದನ್ನು ಉಜ್ಜಬೇಡಿ, ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಪ್ರಶ್ನೆ: ನಮ್ಮ ಜೀಪಿನ ಪೆಟ್ರೋಲ್ ಎಂಜಿನ್ ಹಿಡಿದುಕೊಂಡಿದೆ, ಹ್ಯಾಂಡಲ್ ಹಾಕಿದರೆ ಒಂದಿಷ್ಟೂ ತಿರುಗುವುದಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಗೇರಿನಲ್ಲಿ ಎಳೆದರೆ ಬಿಡುತ್ತದೆ ಅಂತ ಊರಿನ ಮೆಕ್ಯಾನಿಕ್ ಹೇಳುತ್ತಿದ್ದಾರೆ.
– ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ದಯವಿಟ್ಟು ಎಳೆಸಬೇಡಿ. ಬಿಡುತ್ತದೆ ನಿಜ, ಆದರೆ ಪಿಸ್ಟನ್ ರಿಂಗು ಮುರಿದುಕೊಂಡು, ಕನೆಕ್ಟಿಂಗ್ ರಾಡ್ ಬಗ್ಗಿಸಿಕೊಂಡು ಬಿಡುತ್ತದೆ. ಸಿಲಿಂಡರ್ ಗೋಡೆಯ ಮೇಲೆ ತೆಳ್ಳಗೆ ತುಕ್ಕು ಕಟ್ಟಿ ರಿಂಗುಗಳು ಅಂಟಿಕೊಂಡಿವೆ, ಅಷ್ಟೇ. ಅದಕ್ಕೆ ಬೇಕಿರುವುದು ಬಲ ಅಲ್ಲ, ಸಮಯ.

ನಾಲ್ಕೂ ಪ್ಲಗ್ ಬಿಚ್ಚಿ. ಒಂದೊಂದು ಸಿಲಿಂಡರಿಗೂ ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮ ಸಮ ಬೆರೆಸಿ ಒಂದು ಸಣ್ಣ ಲೋಟದಷ್ಟು ಹಾಕಿ. ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಎಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು. ಕಸ ಬೀಳದಂತೆ ಪ್ಲಗ್ಗಿನ ತೂತಿಗೆ ಬಟ್ಟೆ ಮುಚ್ಚಿ ಬಿಟ್ಟುಬಿಡಿ. ದಿನಾ ಹೋಗಿ ನೋಡಿ, ಇಳಿದಿದ್ದರೆ ಮತ್ತೆ ಹಾಕಿ. ಒಂದು ವಾರ ಆದ ಮೇಲೆ ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡಲಿನಲ್ಲಿ ಕೈಬಲದಿಂದ ಮಾತ್ರ ಆ ಕಡೆ ಈ ಕಡೆ ಆಡಿಸಿ. ಹ್ಯಾಂಡಲಿಗೆ ಪೈಪು ಸಿಕ್ಕಿಸಬೇಡಿ, ಮೇಲೆ ನಿಂತು ತುಳಿಯಬೇಡಿ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಉಳಿದದ್ದು ತಾನೇ ಬರುತ್ತದೆ. ಕೆಲವು ಎಂಜಿನ್ ತಿಂಗಳು ತಗೊಳ್ಳುತ್ತವೆ, ಮಾವಿನ ಸುಗ್ಗಿ ಮುಗಿಸಿಕೊಂಡು ಬಂದು ನೋಡಿದರೂ ನಷ್ಟವಿಲ್ಲ. ಆಗಲೂ ಬಿಡದಿದ್ದರೆ ಹೆಡ್ ಬಿಚ್ಚಿ.

ತಿರುಗಿದ ಮೇಲೆ ಖುಷಿಯಲ್ಲಿ ತಕ್ಷಣ ಸ್ಟಾರ್ಟ್ ಮಾಡಬೇಡಿ. ಆಯಿಲ್ ಪೂರ್ತಿ ಇಳಿಸಿ, ಸಂಪ್ (ಎಂಜಿನ್ ಅಡಿಯ ಆಯಿಲ್ ತಟ್ಟೆ) ಬಿಚ್ಚಿ ತಳದಲ್ಲಿ ಕೂತ ಕೆಸರು ತೆಗೆಯಿರಿ. ಹೊಸ ಆಯಿಲ್ ಹಾಕಿ, ಪ್ಲಗ್ ಇಲ್ಲದೆಯೇ ಹ್ಯಾಂಡಲ್ ತಿರುಗಿಸುತ್ತಾ ಬೇರಿಂಗುಗಳಿಗೆ ಆಯಿಲ್ ಹತ್ತಿಸಿ. ಪೆಟ್ರೋಲ್ ಟ್ಯಾಂಕ್ ಇಳಿಸಿ ಒಳಗೆ ಟಾರ್ಚ್ ಬಿಟ್ಟು ನೋಡಿ. ಹಳೇ ಪೆಟ್ರೋಲ್ ಅಂಟಾಗಿ ವಾರ್ನಿಷ್ ವಾಸನೆ ಬರುತ್ತದೆ, ಅದು ಕಾರ್ಬೊರೇಟರಿನ ಸಣ್ಣ ದಾರಿಗಳನ್ನೆಲ್ಲ ಮುಚ್ಚಿರುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ತನಕ ಎಥನಾಲ್ ಇದೆ. ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ ಇವು ಅದಕ್ಕೆ ತಡೆಯುವುದಿಲ್ಲ, ಮೆತ್ತಗಾಗಿ ಬಿರುಕು ಬಿಡುತ್ತವೆ. ಎಂಜಿನ್ ಬಿಸಿ ಇರುವಾಗ ಅಲ್ಲಿ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ. ಎಲ್ಲಾ ಪೈಪನ್ನೂ ಇಂಜೆಕ್ಷನ್ ಗಾಡಿಗೆ ಹಾಕುವ ದರ್ಜೆಯದ್ದಕ್ಕೆ ಬದಲಾಯಿಸಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿ ಇಡಿ, ಎಥನಾಲ್ ಗಾಳಿಯ ನೀರನ್ನು ಎಳೆದುಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ.

ಯುದ್ಧಕಾಲದ ವಿಲ್ಲಿಸ್ ಎಂಜಿನ್ ಆದರೆ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪ್ 0.020 ಇಂಚು, ಪ್ಲಗ್ ಗ್ಯಾಪ್ 0.030 ಇಂಚು, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಕಿಡಿ ಹತ್ತುವ ಸರದಿ) 1-3-4-2. ಕಂಪ್ರೆಷನ್ ಅನುಪಾತ 6.48 ಮಾತ್ರ, ಆದ್ದರಿಂದ ಜಾಸ್ತಿ ದುಡ್ಡಿನ ಪ್ರೀಮಿಯಂ ಪೆಟ್ರೋಲ್ ಹಾಕಿಸುವುದು ಸುಮ್ನೆ ದಂಡ.

ಪ್ರಶ್ನೆ: ಎಂಜಿನ್ ಕೆಲಸ ಎಲ್ಲಾ ಮಾಡಿಸಿದ್ದೇನೆ, ರೇಡಿಯೇಟರ್ ಕೂಡ ಹೊಸದು. ಆದರೂ ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ನೀರು ಕುದಿಯುತ್ತದೆ. ಗಾಡಿ ಹಳೇ ವಿಲ್ಲಿಸ್. ಏನು ಕಾರಣ?
– ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ಮೊದಲು ಹೇಳಿ, ಯಾವ ನೀರು ಹಾಕುತ್ತಿದ್ದೀರಿ? ಬೋರ್‌ವೆಲ್ ನೀರಾದರೆ ಅರ್ಧ ಉತ್ತರ ಅಲ್ಲೇ ಇದೆ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿಗೂ ಕೆಳಗಿನಿಂದ ಬರುವ ನೀರು ಗಡಸು ನೀರು. ಸ್ನಾನದ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಲ್ಲ, ಎಂಜಿನ್ ಬ್ಲಾಕಿನ ಒಳಗೂ ಅದೇ ಕಟ್ಟುತ್ತದೆ. ರೇಡಿಯೇಟರ್ ಹೊಸದಾದರೂ ಬ್ಲಾಕಿನ ಒಳಗಿನ ದಾರಿ ಹಳೆಯದೇ. ಅಲ್ಲಿ ದಶಕಗಳ ಸುಣ್ಣ, ತುಕ್ಕು, ಕೆಸರು ಕೂತಿರುತ್ತದೆ, ಅದರಲ್ಲೂ ಹಿಂದಿನ ಸಿಲಿಂಡರ್ ಸುತ್ತ. ಬ್ಲಾಕಿನ ಪಕ್ಕದಲ್ಲಿರುವ ಗುಂಡಗಿನ ತಗಡಿನ ಪ್ಲಗ್ಗುಗಳನ್ನು ತೆಗೆಸಿ ನೋಡಿ. ತೆಗೆದ ತಕ್ಷಣ ನೀರು ಬಾರದೆ ಗಟ್ಟಿ ಮಣ್ಣು ಕಂಡರೆ ಆಶ್ಚರ್ಯ ಬೇಡ. ತಂತಿಯಿಂದ ಕೆದಕಿ, ನೀರಿನ ಪೈಪು ಬಿಟ್ಟು, ಬರುವ ನೀರು ತಿಳಿಯಾಗುವ ತನಕ ತೊಳೆಯಿರಿ. ಉಳಿದ ಸುಣ್ಣಕ್ಕೆ ಸಿಟ್ರಿಕ್ ಆಸಿಡ್, ಅಂದರೆ ಅಂಗಡಿಯ ನಿಂಬೆ ಉಪ್ಪು, ನೀರಿಗೆ ಬೆರೆಸಿ ಸ್ವಲ್ಪ ಹೊತ್ತು ಓಡಿಸಿ ಪೂರ್ತಿ ಇಳಿಸಿಬಿಡಿ. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಬೇಡವೇ ಬೇಡ, ಅದು ಲೋಹವನ್ನೇ ತಿನ್ನುತ್ತದೆ.

ಇನ್ನರ್ಧ ಉತ್ತರ ಬಹಳ ಮೆಕ್ಯಾನಿಕ್‌ಗಳು ಮರೆಯುವಂಥದ್ದು. ವಿಲ್ಲಿಸ್ ಎಂಜಿನ್ನಿನಲ್ಲಿ ವಾಟರ್ ಪಂಪಿನ ಹಿಂದೆ, ಬ್ಲಾಕಿನ ಒಳಗೆ ಉದ್ದಕ್ಕೂ ಒಂದು ತೆಳು ತಗಡಿನ ಕೊಳವೆ ಇದೆ. ತಣ್ಣನೆ ನೀರನ್ನು ಮುಂದಿನಿಂದ ಹಿಂದಿನ ಸಿಲಿಂಡರ್ ತನಕ ಸಮನಾಗಿ ಹಂಚುವುದು ಅದರ ಕೆಲಸ. ಕಾಲ ಕಳೆದಂತೆ ಅದು ತುಕ್ಕು ಹಿಡಿದು ಚೂರಾಗುತ್ತದೆ. ಆಗ ನೀರು ಮುಂದೆಯೇ ಸುತ್ತಿ ವಾಪಸ್ ಹೋಗುತ್ತದೆ, ಹಿಂದಿನ ಸಿಲಿಂಡರ್ ಬೇಯುತ್ತದೆ. ವಾಟರ್ ಪಂಪ್ ಬಿಚ್ಚಿಸಿ ಕೊಕ್ಕೆ ಹಾಕಿ ಅದನ್ನು ಎಳೆಸಿ ನೋಡಿ. ಸಾಮಾನ್ಯವಾಗಿ ತುಂಡು ತುಂಡಾಗಿ ಬರುತ್ತದೆ. ಹೊಸದು ಸಿಗುತ್ತದೆ, ಸಿಗದಿದ್ದರೆ ಹಿತ್ತಾಳೆ ತಗಡಿನಲ್ಲಿ ಮಾಡಿಸಿಕೊಳ್ಳಬಹುದು. ತೂತುಗಳ ಜಾಗ ಮಾತ್ರ ಹಳೆಯದರಂತೆಯೇ ಇರಬೇಕು.

ಇದರ ಜೊತೆಗೆ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹೊಡೆಯುವ ಸಮಯ, ಹಿಂದೆ ಬಿದ್ದಿದ್ದರೂ ಕುದಿಯುತ್ತದೆ, ಅದನ್ನೂ ನೋಡಿಸಿ. ಥರ್ಮೋಸ್ಟ್ಯಾಟ್ ಕಿತ್ತು ಬಿಸಾಡಬೇಡಿ. ರೇಡಿಯೇಟರಿಗೆ ಹೊಸ ಕಾರಿನ ಜಾಸ್ತಿ ಒತ್ತಡದ ಮುಚ್ಚಳ ಹಾಕಬೇಡಿ, ಹಳೇ ಗಾಡಿಯ ವ್ಯವಸ್ಥೆ ಕಡಿಮೆ ಒತ್ತಡಕ್ಕೆ ಮಾಡಿದ್ದು. ಇನ್ನು ಮುಂದೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಮಾತ್ರ. ದಾರಿಯಲ್ಲಿ ಕಡಿಮೆಯಾದರೆ ಅಂತ ಒಂದು ಕ್ಯಾನ್ ಸೀಟಿನ ಕೆಳಗೆ ಇಟ್ಟುಕೊಳ್ಳಿ.

ಪ್ರಶ್ನೆ: ನಿಸ್ಸಾನ್ ಜೋಂಗಾ ಇದೆ. ಪೆಟ್ರೋಲ್ ತುಂಬಾ ಕುಡಿಯುತ್ತದೆ. ಡೀಸೆಲ್ ಎಂಜಿನ್ ಕೂರಿಸಲಾ?
– ಓದುಗರೊಬ್ಬರು, ಕೆಜಿಎಫ್

ಉತ್ತರ: ಮನಸ್ಸು ಬಿಚ್ಚಿ ಹೇಳುತ್ತೇನೆ, ಬೇಡ. ಜಬಲ್ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ ನಿಸ್ಸಾನ್ ಪರವಾನಗಿಯಡಿ ತಯಾರಾಗಿ, ದಶಕಗಟ್ಟಲೆ ಸೇನೆಗೆ ದುಡಿದ ಗಾಡಿ ಅದು. ಆ 3956 ಸಿಸಿ, ಆರು ಸಿಲಿಂಡರಿನ ಎಂಜಿನ್ನೇ ಅದರ ಜೀವ. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಕೊಡುತ್ತದೆ ನಿಜ. ಆದರೆ ವಾರಕ್ಕೊಮ್ಮೆ ಓಡಿಸುವ ಗಾಡಿಗೆ ಡೀಸೆಲ್ ಎಂಜಿನ್, ಮೌಂಟಿಂಗ್, ಗೇರ್‌ಬಾಕ್ಸ್ ಜೋಡಣೆ, ವೈರಿಂಗ್ ಎಲ್ಲದಕ್ಕೂ ಸುರಿಯುವ ದುಡ್ಡಿನಲ್ಲಿ ಎಷ್ಟು ವರ್ಷದ ಪೆಟ್ರೋಲ್ ಬರುತ್ತದೆ ಲೆಕ್ಕ ಹಾಕಿ. ಎಂಜಿನ್ ಬದಲಾಯಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌.ಟಿ.ಒ. ಒಪ್ಪಿಗೆಯೂ ಬೇಕು. ಮೇಲೆ ಹೇಳಿದ ವಿಂಟೇಜ್ ನೋಂದಣಿಯ ಬಾಗಿಲೂ ಮುಚ್ಚಬಹುದು.

ಹಿಂದೆ ಜಿಲ್ಲೆಯಲ್ಲಿ ಎಷ್ಟೋ ಜೀಪುಗಳಿಗೆ ಮ್ಯಾಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದರು. ಆಗ ಅವು ದುಡಿಮೆಯ ಗಾಡಿಗಳು, ಬಾಡಿಗೆಗೆ ಓಡಬೇಕಿತ್ತು, ಆ ಲೆಕ್ಕ ಸರಿ ಇತ್ತು. ನಿಮ್ಮದು ಆ ಲೆಕ್ಕ ಅಲ್ಲ.

ನೀವು ಇರುವ ಊರಿನ ಬಲ ಬಳಸಿಕೊಳ್ಳಿ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ಗಣಿಯ ವರ್ಕ್‌ಶಾಪಿನಲ್ಲಿ ಪಳಗಿದ ಕೈಗಳು, ಬಿಇಎಂಎಲ್‌ನಲ್ಲಿ ದುಡಿದು ನಿವೃತ್ತರಾದ ಫಿಟ್ಟರ್, ಟರ್ನರ್‌ಗಳು ನಿಮ್ಮ ಪಕ್ಕದ ಬೀದಿಯಲ್ಲೇ ಇದ್ದಾರೆ. ಜೋಂಗಾದ ಬುಷ್, ಪಿನ್ನು, ಶಾಫ್ಟು ಅಂಗಡಿಯಲ್ಲಿ ಸಿಗದಿದ್ದರೆ ಹಳೆಯದನ್ನು ಕೈಯಲ್ಲಿಟ್ಟು ಕೇಳಿ, ಅಳತೆ ತಪ್ಪದೆ ಲೇತಿನಲ್ಲಿ ತೆಗೆದುಕೊಡುತ್ತಾರೆ. ಆ ವಿದ್ಯೆ ಬೆಂಗಳೂರಿನಲ್ಲೂ ಈಗ ಸುಲಭಕ್ಕೆ ಸಿಗುವುದಿಲ್ಲ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಹುಡುಕಿ. ದೂರ ಹೋಗುವುದಾದರೆ ಪಶ್ಚಿಮ ಬಂಗಾಳದ ಪಾನಾಗಢದಲ್ಲಿ ಸೇನೆಯ ಹಳೇ ಗಾಡಿಗಳ ಸಾಮಾನಿನದೇ ದೊಡ್ಡ ಪೇಟೆ ಇದೆ.

ಪ್ರಶ್ನೆ: ಜಿಪ್ಸಿ 50 ಕಿಲೋಮೀಟರ್ ವೇಗ ಮುಟ್ಟಿದರೆ ಸ್ಟೀರಿಂಗ್ ಗಡಗಡ ನಡುಗುತ್ತದೆ, ನಿಧಾನ ಮಾಡಿದರೆ ಸರಿ ಹೋಗುತ್ತದೆ. ಅಲೈನ್‌ಮೆಂಟ್ ಎರಡು ಸಲ ಮಾಡಿಸಿದೆ.
– ಓದುಗರೊಬ್ಬರು, ಮಾಲೂರು

ಉತ್ತರ: ಅಲೈನ್‌ಮೆಂಟಿನಿಂದ ಹೋಗುವ ರೋಗ ಅಲ್ಲ ಇದು. ಮುಂದಿನ ಒಂದೇ ಗಟ್ಟಿ ಆಕ್ಸೆಲ್ ಇರುವ ಗಾಡಿಗಳಲ್ಲೆಲ್ಲ ಇದು ಬರುತ್ತದೆ, ಜೀಪಿನಲ್ಲೂ ಜೋಂಗಾದಲ್ಲೂ. ಮುಂದಿನ ಚಕ್ರ ನೆಲದಿಂದ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಆಟ ಇದ್ದರೆ ಕಿಂಗ್‌ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ಹೊರಳುವ ಕೀಲು) ಬೇರಿಂಗ್ ಅಥವಾ ವೀಲ್ ಬೇರಿಂಗ್. ಒಬ್ಬರು ಬ್ರೇಕ್ ತುಳಿದಾಗಲೂ ಆಟ ಉಳಿದರೆ ಕಿಂಗ್‌ಪಿನ್ನೇ. ಬೇರಿಂಗ್ ಸವೆದಿದ್ದರೆ ಬದಲಾಯಿಸಿ, ಶಿಮ್ ಎಂಬ ತೆಳು ಬಿಲ್ಲೆಗಳ ಲೆಕ್ಕ ಮಾಡಿ ಬಿಗಿ ಕೂರಿಸಬೇಕು. ಆಮೇಲೆ ಎಡಕ್ಕೊಂದು ಬಲಕ್ಕೊಂದು ಕೈ ಹಿಡಿದು ಅಲುಗಾಡಿಸಿ, ಅಲ್ಲಿ ಆಟ ಇದ್ದರೆ ಟೈ ರಾಡ್ ಎಂಡ್. ಸ್ಪ್ರಿಂಗ್ ಬ್ಲೇಡಿನ ಬುಷ್ಷುಗಳನ್ನು ಬಿಟ್ಟುಬಿಡಬೇಡಿ. ಟೈರ್ ಬ್ಯಾಲೆನ್ಸ್ ಕೊನೆಗೆ. ಸುಮಾರು ಜನ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ನಡುಕ ಮುಚ್ಚಿಡುತ್ತಾರೆ, ಒಳಗೆ ಪಿನ್ನು ಸವೆಯುತ್ತಲೇ ಇರುತ್ತದೆ. ಇದು ಸರಿಯಾಗುವ ತನಕ ಚೆನ್ನೈ ಹೆದ್ದಾರಿಗೆ ಹತ್ತಿಸಬೇಡಿ.

ಪ್ರಶ್ನೆ: ನಮ್ಮ ಗಾಡಿಯ ಹಿಂದಿನ ಕ್ರೌನ್ ಹೌಸಿಂಗಿಗೆ (ಆಕ್ಸೆಲ್ ನಡುವಿನ ಗುಂಡಗಿನ ಗೇರ್ ಡಬ್ಬ) ಬಿಳಿ ಬಣ್ಣ ಬಳಿದಿದೆ, ಅದರ ಮೇಲೊಂದು ಪುಟ್ಟ ಲೈಟು. ಯಾಕೆ?
– ಶಾಲಾ ವಿದ್ಯಾರ್ಥಿ, ರಾಬರ್ಟ್‌ಸನ್‌ಪೇಟೆ

ಉತ್ತರ: ಒಳ್ಳೇ ಕಣ್ಣು ನಿನ್ನದು! ರಾತ್ರಿ ಸಾಲಾಗಿ ಹೋಗುವ ಸೇನೆಯ ಗಾಡಿಗಳು ಶತ್ರುವಿಗೆ ಕಾಣಬಾರದು ಅಂತ ಹೆಡ್‌ಲೈಟ್ ಆರಿಸಿಕೊಂಡು ಹೋಗುತ್ತವೆ. ಆಗ ಹಿಂದಿನ ಗಾಡಿಯ ಡ್ರೈವರ್‌ಗೆ ಮುಂದಿನ ಗಾಡಿ ಎಲ್ಲಿದೆ ಅಂತ ಗೊತ್ತಾಗಬೇಕಲ್ಲ? ಆ ಪುಟ್ಟ ಲೈಟು ಕೆಳಗಿನ ಬಿಳಿ ಬಣ್ಣದ ಮೇಲೆ ಬಿದ್ದು, ಹಿಂದಿನವರಿಗೆ ಮಾತ್ರ ಮಸುಕಾಗಿ ಕಾಣುತ್ತದೆ, ಆಕಾಶದಿಂದ ಕಾಣುವುದಿಲ್ಲ. ಅಪ್ಪನಿಗೆ ಹೇಳು, ಅದನ್ನು ಕಿತ್ತುಹಾಕಬಾರದು.

ಪ್ರಶ್ನೆ: ನಮ್ಮ ಯಜಮಾನರು ಸೇನೆಯಲ್ಲಿ ಡ್ರೈವರ್ ಆಗಿದ್ದರು. ಈಗ ಒಂದು ಹಳೇ ಜೀಪು ತಂದಿದ್ದಾರೆ, ಅವರೂ ಮಗನೂ ಮನೆ ಮುಂದೆಯೇ ಬಿಚ್ಚುತ್ತಾ ಕೂತಿದ್ದಾರೆ. ಸಂತೋಷವೇ, ಆದರೆ ಗಾಡಿ ಕೆಳಗೆ ಮಲಗುವುದು ನೋಡಿದರೆ ಭಯ ಆಗುತ್ತದೆ. ಬ್ರೇಕ್ ಅವರೇ ಮಾಡುತ್ತಾರಂತೆ, ಮಾಡಬಹುದಾ?
– ಗೃಹಿಣಿ, ಬಂಗಾರಪೇಟೆ ತಾಲ್ಲೂಕು

ಉತ್ತರ: ನಿಮ್ಮ ಭಯ ನ್ಯಾಯವಾದದ್ದೇ. ಈ ಉತ್ತರವನ್ನು ಇಬ್ಬರಿಗೂ ಓದಿ ಹೇಳಿ.

ಬರೀ ಜಾಕಿನ ಮೇಲೆ ನಿಂತಿರುವ ಗಾಡಿಯ ಕೆಳಗೆ ಯಾರೂ ಹೋಗಬಾರದು, ಒಂದು ನಿಮಿಷಕ್ಕೂ. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ನೆಲದ ಮೇಲಿರುವ ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಇಡಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡ, ಅವು ಭಾರಕ್ಕೆ ಹೇಳದೆ ಕೇಳದೆ ಒಡೆಯುತ್ತವೆ. ಮಣ್ಣಿನ ಅಂಗಳ ಆದರೆ ಸ್ಟ್ಯಾಂಡ್ ಕೆಳಗೆ ದಪ್ಪ ಮರದ ಹಲಗೆ ಹಾಕಿ. ಎಂಜಿನ್ ಎತ್ತಲು ಮನೆಯ ಜಂತೆಗೆ ಚೈನ್ ಬ್ಲಾಕ್ ಕಟ್ಟುವುದು ಬೇಡ, ಜೀಪಿನ ಎಂಜಿನ್ನೇ ಸುಮಾರು ಇನ್ನೂರು ಕಿಲೋ ಬರುತ್ತದೆ, ಬಾಡಿಗೆಗೆ ಎಂಜಿನ್ ಹಾಯ್ಸ್ಟ್ ತನ್ನಿ. ಬ್ಯಾಟರಿ ಮೊದಲು ಬಿಚ್ಚಬೇಕು. ಬ್ಯಾಟರಿ ಇಡುವ ಜಾಗ ಎರಡಿದ್ದರೆ ಗಾಡಿ 24 ವೋಲ್ಟ್ ಇರಬಹುದು, ಯುದ್ಧಕಾಲದ ಜೀಪಾದರೆ 6 ವೋಲ್ಟ್. ನೋಡಿಕೊಳ್ಳದೆ 12 ವೋಲ್ಟ್ ಸಾಮಾನು ಸಿಕ್ಕಿಸಬಾರದು.

ಬ್ರೇಕ್ ಮನೆಯಲ್ಲಿ ಮಾಡಬಹುದು, ಆದರೆ ಅರ್ಧಂಬರ್ಧ ಮಾಡುವಂತಿಲ್ಲ. ಹಳೇ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಲೈನು. ಎಲ್ಲೋ ಒಂದು ಕಡೆ ಪೈಪು ತೂತಾದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಆದ್ದರಿಂದ ಒಂದು ಸಿಲಿಂಡರ್ ಸೋರಿದರೆ ಅದೊಂದನ್ನೇ ಸರಿಮಾಡುವುದು ಕೆಲಸಕ್ಕೆ ಬಾರದು. ಮಾಸ್ಟರ್ ಸಿಲಿಂಡರ್, ನಾಲ್ಕೂ ವೀಲ್ ಸಿಲಿಂಡರ್, ಎಲ್ಲಾ ಸ್ಟೀಲ್ ಪೈಪು, ರಬ್ಬರ್ ಹೋಸ್ ಒಂದೇ ಸಲ ಬದಲಾಯಿಸಬೇಕು. ಸಿಲಿಂಡರ್ ಒಳಗೆ ಬೆರಳಾಡಿಸಿದಾಗ ಗುಳಿ ಸಿಕ್ಕರೆ ಬರೀ ಕಿಟ್ ಹಾಕಿ ಪ್ರಯೋಜನವಿಲ್ಲ. ಬ್ರೇಕ್ ಆಯಿಲ್ ಅಂತ ಬರೆದ ಡಾಟ್ 3 ಅಥವಾ ಡಾಟ್ 4 ಮಾತ್ರ, ಎಂಜಿನ್ ಆಯಿಲಿನ ಒಂದು ಹನಿ ಬೆರೆತರೂ ರಬ್ಬರ್ ವಾಷರ್ ಊದಿಕೊಂಡು ಬ್ರೇಕ್ ಹಿಡಿದುಕೊಳ್ಳುತ್ತದೆ. ಹಳೇ ಬ್ರೇಕ್ ಶೂಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಡ್ರಮ್ ಬಿಚ್ಚಿದಾಗ ಬಾಯಲ್ಲಿ ಊದುವುದು, ಗಾಳಿ ಹೊಡೆಯುವುದು ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಎಲ್ಲಾ ಮುಗಿದ ಮೇಲೆ ಪೆಡಲನ್ನು ಒಂದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಲಿ. ನಿಧಾನಕ್ಕೆ ಕೆಳಗೆ ಇಳಿದರೆ ಎಲ್ಲೋ ಸೋರುತ್ತಿದೆ, ಮತ್ತೆ ಬಿಚ್ಚಬೇಕು.

ಹ್ಯಾಂಡ್‌ಬ್ರೇಕ್ ಬಗ್ಗೆಯೂ ಮಗನಿಗೆ ಹೇಳಿಕೊಡಿ. ವಿಲ್ಲಿಸ್ ಜೀಪಿನಲ್ಲಿ ಅದು ಚಕ್ರಕ್ಕೆ ಅಲ್ಲ, ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಆಕ್ಸೆಲ್ಲಿಗೆ ಹಂಚುವ ಡಬ್ಬ) ಹಿಂದೆ ಪ್ರೊಪೆಲ್ಲರ್ ಶಾಫ್ಟಿಗೆ ಹಿಡಿಯುತ್ತದೆ. ನಿಂತ ಗಾಡಿಗೆ ಮಾತ್ರ ಅದು. ಓಡುವಾಗ ಎಳೆದರೆ ಕ್ರೌನಿನ ಹಲ್ಲಿಗೇ ಪೆಟ್ಟು.

ಪ್ರಶ್ನೆ: ಫೋರ್‌ವೀಲ್ ಹಾಕಿಕೊಂಡು ಪೇಟೆಗೆ ಹೋದೆ. ಈಗ ಲಿವರ್ ವಾಪಸ್ ಬರುತ್ತಿಲ್ಲ, ತಿರುವಿನಲ್ಲಿ ಗಾಡಿ ಎಳೆದಾಡುತ್ತದೆ. ಟ್ರಾನ್ಸ್‌ಫರ್ ಕೇಸ್ ಹೋಯಿತಾ?
– ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ಬಹುಶಃ ಏನೂ ಹೋಗಿಲ್ಲ. ಈ ಗಾಡಿಗಳಲ್ಲಿ ಮುಂದಿನ ಆಕ್ಸೆಲ್ಲಿಗೂ ಹಿಂದಿನದಕ್ಕೂ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಗೇರ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಓಡಬೇಕು. ಮಣ್ಣಿನಲ್ಲಾದರೆ ಟೈರ್ ಸ್ವಲ್ಪ ಜಾರಿ ಸರಿದೂಗಿಸುತ್ತದೆ, ಟಾರಿನ ಮೇಲೆ ಜಾರುವುದಿಲ್ಲ, ಆ ಬಿಗಿ ಪೂರ್ತಿ ಗೇರುಗಳ ಮೇಲೆ ಕೂರುತ್ತದೆ. ಗಾಡಿಯನ್ನು ನೇರವಾಗಿ ಸ್ವಲ್ಪ ರಿವರ್ಸ್ ತಗೊಂಡು, ಕ್ಲಚ್ ಒತ್ತಿ ಲಿವರ್ ಎಳೆಯಿರಿ. ಬಾರದಿದ್ದರೆ ಒಂದು ಮುಂದಿನ ಚಕ್ರವನ್ನು ಜಾಕಿನಿಂದ ಎತ್ತಿ, ಬಿಗಿ ಬಿಟ್ಟುಹೋಗುತ್ತದೆ. ನಾಲ್ಕೂ ಟೈರ್ ಒಂದೇ ಅಳತೆ, ಒಂದೇ ಸವೆತ ಇದೆಯಾ ನೋಡಿ, ಮುಂದೆ ಹೊಸದು ಹಿಂದೆ ಬೋಳು ಇದ್ದರೆ ನೇರ ರಸ್ತೆಯಲ್ಲೂ ಇದೇ ಆಗುತ್ತದೆ. ಇದೇ ನೆಪದಲ್ಲಿ ಗೇರ್ ಆಯಿಲಿನ ದರ್ಜೆ ಕೂಡ ನೋಡಿಬಿಡಿ: ಗೇರ್‌ಬಾಕ್ಸಿಗೆ ಜಿಎಲ್-4, ಕ್ರೌನಿಗೆ ಜಿಎಲ್-5. ಗೇರ್‌ಬಾಕ್ಸಿಗೆ ಜಿಎಲ್-5 ಹಾಕಿದರೆ ಒಳಗಿನ ಹಿತ್ತಾಳೆ ರಿಂಗುಗಳು ಹಾಳಾಗುವ ಅಪಾಯ ಇದೆ. ಗೇರ್‌ಬಾಕ್ಸಿನಲ್ಲಿ ಆಯಿಲ್ ಕಡಿಮೆಯಾಗಿ ಟ್ರಾನ್ಸ್‌ಫರ್ ಕೇಸಿನಲ್ಲಿ ಜಾಸ್ತಿ ಇದ್ದರೆ, ಎರಡರ ನಡುವಿನ ಸೀಲ್ ಹೋಗಿದೆ ಅಂತ ಅರ್ಥ, ಮಳೆಗಾಲಕ್ಕೆ ಮುಂಚೆ ಬದಲಾಯಿಸಿಕೊಳ್ಳಿ.